ಈ ಸಲ ಯಾವ ಗುಡ್ಡೆ? ಕಾಸರಗೋಡಿನಿಂದ ಹೊರಡುವವರಿಗೆ ಐದು ಆಯ್ಕೆ

ನವರಾತ್ರಿ ಮುಗಿದು ಮಳೆ ಸ್ವಲ್ಪ ಹಿಂದೆ ಸರಿದರೆ ಸಾಕು, ಬೆಂಗಳೂರಿನಿಂದ ತಂಗಿಯ ಮಗಳ ಫೋನು ಬರುತ್ತದೆ. "ಮಾವಾ, ಈ ಸಲ ಯಾವ ಗುಡ್ಡೆ?" ಅವಳಿಗೆ ಎರಡು ದಿನ ರಜೆ, ಜೊತೆಗೆ ಆಫೀಸಿನ ಗೆಳತಿಯರು ಮೂರು ನಾಲ್ಕು ಜನ. ನಾನು ಬದಿಯಡ್ಕದ ಹತ್ತಿರ ಅಡಿಕೆ ತೋಟ ನೋಡಿಕೊಂಡಿರುವವನು. ಇಪ್ಪತ್ತು ವರ್ಷದಿಂದ ಸುತ್ತಲಿನ ಗುಡ್ಡೆ ಹತ್ತಿ ಇಳಿದಿದ್ದೇನೆ ಎಂಬ ಒಂದೇ ಕಾರಣಕ್ಕೆ ನಮ್ಮ ಕುಟುಂಬದ ಗುಡ್ಡೆ ಖಾತೆ ನನ್ನ ತಲೆಗೆ ಬಿದ್ದಿದೆ.

ಎಲ್ಲರೂ ಮೊದಲು ಕೇಳುವುದು ಎತ್ತರ ಎಷ್ಟು ಅಂತ. ಎರಡನೆಯದು, ಫೋಟೋ ಚೆನ್ನಾಗಿ ಬರುತ್ತದಾ ಅಂತ. ನಾನು ಮೊದಲು ಕೇಳುವುದು ಬೇರೆ. ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರು? ಬರುವುದು ಯಾವ ತಿಂಗಳು? ಇಷ್ಟು ಗೊತ್ತಾದರೆ ಅರ್ಧ ಗುಡ್ಡೆಗಳು ತಾವಾಗಿಯೇ ಪಟ್ಟಿಯಿಂದ ಬಿದ್ದುಹೋಗುತ್ತವೆ. ಗಟ್ಟಿ ಕಾಲಿನವನನ್ನು ನೋಡಿ ಗುಡ್ಡೆ ಆರಿಸಿದ ಗುಂಪು ಅರ್ಧ ದಾರಿಯಲ್ಲಿ ಜಗಳವಾಡುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ನಮ್ಮ ಕಡೆಯಿಂದ ಹೊರಟರೆ ಸಾಮಾನ್ಯವಾಗಿ ಬಾಯಿಗೆ ಬರುವ ಹೆಸರು ಐದು: ಪೊಸಡಿಗುಂಪೆ, ರಾಣಿಪುರ, ಕೊಟ್ಟಂಚೇರಿ, ಕಣ್ಣೂರು ಜಿಲ್ಲೆಯ ಪೈತಲ್‌ಮಲ, ಗಡಿಯಾಚೆ ಕುಮಾರಪರ್ವತ.

ಅರ್ಧ ದಿನ ಮಾತ್ರ ಇದ್ದರೆ ಪೊಸಡಿಗುಂಪೆ

ಇದನ್ನು ಚಾರಣ ಅಂದರೆ ಪಳಗಿದವರು ನಗುತ್ತಾರೆ. ನಗಲಿ. ಮಂಜೇಶ್ವರ ತಾಲೂಕಿನ ಧರ್ಮತ್ತಡ್ಕದ ಹತ್ತಿರ ಇರುವ ಗುಡ್ಡೆ ಇದು. ಎತ್ತರ ಸಾವಿರ ಅಡಿ ದಾಟುತ್ತದೆ, ಅಷ್ಟೇ. ಬಂದ್ಯೋಡಿನಲ್ಲಿ ಹೆದ್ದಾರಿ ಬಿಟ್ಟು ಪೆರ್ಮುದೆ ಮೇಲೆ ಹೋದರೆ ಬುಡದವರೆಗೂ ರಸ್ತೆ ಇದೆ. ಕಾಡಿಲ್ಲ. ಮುರಕಲ್ಲಿನ ನೆಲ, ಮುಳಿಹುಲ್ಲು, ಮೇಲೆ ಬೋಳು ತಲೆ. ಆದರೆ ಆ ಬೋಳು ತಲೆಯ ಮೇಲೆ ನಿಂತರೆ ಪಶ್ಚಿಮಕ್ಕೆ ಅರಬ್ಬಿ ಸಮುದ್ರ ಕಾಣುತ್ತದೆ. ಮಳೆ ಗಾಳಿಯನ್ನು ತೊಳೆದು ಬಿಟ್ಟಿರುವ ದಿನವಾದರೆ ಈಚೆಗೆ ಕುದುರೆಮುಖದ ಸಾಲೂ ಕಾಣುತ್ತದೆ. ಇಷ್ಟು ಕಡಿಮೆ ಬೆವರಿಗೆ ಇಷ್ಟು ದೊಡ್ಡ ನೋಟ ನಮ್ಮ ಜಿಲ್ಲೆಯಲ್ಲಿ ಬೇರೆಲ್ಲೂ ಸಿಗಲಿಕ್ಕಿಲ್ಲ.

ಸೆಪ್ಟೆಂಬರ್ ಅಕ್ಟೋಬರಿನಲ್ಲಿ ಹೋದರೆ ಹುಲ್ಲು ಹಸಿರು, ಕಲ್ಲಿನ ಸಂದಿಯಲ್ಲಿ ಸಣ್ಣ ಸಣ್ಣ ನೀಲಿ ಹೂವು. ಜನವರಿಗೆ ಹಳದಿ. ಮಾರ್ಚಿಗೆ ಯಾರೋ ಎಸೆದ ಬೀಡಿಯಿಂದ ಅರ್ಧ ಗುಡ್ಡೆ ಕಪ್ಪಾಗಿರುತ್ತದೆ. ನೆರಳು ಅನ್ನುವುದೇ ಇಲ್ಲ, ಹಾಗಾಗಿ ಬೆಳಗ್ಗೆ ಒಂಬತ್ತರೊಳಗೆ ಹತ್ತಿ ಇಳಿಯಬೇಕು. ಇಲ್ಲವಾದರೆ ನಾಲ್ಕರ ಮೇಲೆ. ಮಕ್ಕಳು, ಮಂಡಿನೋವಿನವರು, ಮದುವೆಗೆ ಬಂದು ಒಂದು ಬೆಳಗು ಖಾಲಿ ಇರುವವರು, ಇವರಿಗೆಲ್ಲ ಇದೇ ಸರಿ. ಎರಡು ದಿನದ ರಜೆ ಹಾಕಿ ಬೆಂಗಳೂರಿನಿಂದ ಬರುವವರಿಗೆ ಮಾತ್ರ ಇದು ಸಾಲದು. ಬಸ್ಸಿನ ದುಡ್ಡೂ ಗಿಟ್ಟುವುದಿಲ್ಲ.

ಮೊದಲ ಸಲದವರಿಗೆ ರಾಣಿಪುರ

ನನ್ನನ್ನು ಕೇಳಿದರೆ ಹತ್ತರಲ್ಲಿ ಏಳು ಗುಂಪಿಗೆ ನಾನು ಹೇಳುವುದು ರಾಣಿಪುರವನ್ನೇ. ಇದರ ಹಳೆಯ ಹೆಸರು ಮಾಡತ್ತುಮಲ. ಎಪ್ಪತ್ತರ ದಶಕದಲ್ಲಿ ಕೋಟ್ಟಯಂ ಧರ್ಮಪ್ರಾಂತ್ಯದ ಮೂಲಕ ತೆಂಕಣ ಕೇರಳದ ವಲಸೆ ಕುಟುಂಬಗಳು ಇಲ್ಲಿ ನೆಲೆ ನಿಂತವು. ಮೇರಿ ಮಾತೆಯನ್ನು ನೆನೆದು ರಾಣಿಪುರ ಅಂತ ಹೆಸರಿಟ್ಟರು. ನಮ್ಮಲ್ಲಿ ಕೆಲವರು ಯಾವುದೋ ರಾಣಿಯ ಕೋಟೆ ಇದೆ ಅಂದುಕೊಂಡು ಹೋಗಿ ಕೋಟೆ ಎಲ್ಲಿ ಅಂತ ಹುಡುಕುತ್ತಾರೆ!

ಕಾಞಂಗಾಡಿನಿಂದ ಸುಮಾರು 48 ಕಿಲೋಮೀಟರ್ ಪೂರ್ವಕ್ಕೆ. ಬೆಂಗಳೂರು, ಮಂಗಳೂರು ಕಡೆಯವರು ರೈಲಿನಲ್ಲಿ ಕಾಞಂಗಾಡಿಗೆ ಬಂದು ಇಳಿಯುವುದು ಸುಲಭ. ಅಲ್ಲಿಂದ ಪಾಣತ್ತೂರು ಬಸ್ಸು ಹತ್ತಿ ರಾಜಪುರಂ ದಾಟಿ ಪಾಣತ್ತಡಿಯಲ್ಲಿ ಇಳಿದರೆ ಮೇಲಕ್ಕೆ ಜೀಪು. ಮುಳ್ಳೇರಿಯ, ಬದಿಯಡ್ಕ ಕಡೆಯವರು ಕಾಞಂಗಾಡಿಗೆ ಇಳಿದು ಮತ್ತೆ ಹತ್ತುವ ಅಗತ್ಯವೇ ಇಲ್ಲ. ನಂದಾರಪದವಿನಿಂದ ಹೊರಡುವ ಮಲೆನಾಡು ಹೆದ್ದಾರಿ ಹಿಡಿದು ಬಂದಡ್ಕ ಮೇಲೆ ಕೋಳಿಚ್ಚಾಲಿಗೆ ಹೋಗಬಹುದು. ರಸ್ತೆಯೇ ಒಂದು ಪ್ರವಾಸ. ರಬ್ಬರು, ಅಡಿಕೆ, ಮತ್ತೆ ರಬ್ಬರು, ನಡುವೆ ಒಂದೊಂದು ಇಳಿಜಾರಿನಲ್ಲಿ ಮೋಡ.

ಪ್ರವಾಸೋದ್ಯಮ ಇಲಾಖೆಯವರು ರಾಣಿಪುರದ ಎತ್ತರ 750 ಮೀಟರ್ ಅನ್ನುತ್ತಾರೆ. ತುದಿಯ ಬಂಡೆ ಅದಕ್ಕಿಂತ ಮೇಲಿದೆ, ಸಾವಿರ ಮೀಟರಿನ ಆಸುಪಾಸು. ನಡಿಗೆ ಒಂದು ದಿಕ್ಕಿಗೆ ಎರಡೂವರೆ ಕಿಲೋಮೀಟರ್ ಇರಬಹುದು. ಸುಮ್ನೆ ಹರಟುತ್ತ ನಡೆದರೂ ಒಂದೂವರೆ ಗಂಟೆ ಸಾಕು. ನನಗೆ ಇಷ್ಟವಾಗುವುದು ದಾರಿ ಬದಲಾಗುವ ರೀತಿ. ಮೊದಲು ಚೋಲೆಕಾಡು. ತಲೆಯ ಮೇಲೆ ಎಲೆ ಮುಚ್ಚಿರುತ್ತದೆ, ಕಾಲಡಿ ಒದ್ದೆ ಮಣ್ಣು, ಮಧ್ಯಾಹ್ನವೂ ಅರೆಗತ್ತಲೆ. ಇದ್ದಕ್ಕಿದ್ದಂತೆ ಮರಗಳು ಮುಗಿದು ಹುಲ್ಲು ಶುರು. ಆಮೇಲೆ ಹುಲ್ಲಿನ ಏಣು ಮೂರು ಕಡೆ ಏರಿ ಇಳಿದು ಕೊನೆಯ ಬಂಡೆಗೆ ಮುಟ್ಟುತ್ತದೆ. ಸುಸ್ತಾದವರು ಹುಲ್ಲು ಶುರುವಾದ ಜಾಗದಲ್ಲೇ ಕುಳಿತರೂ ನಷ್ಟವಿಲ್ಲ. ನೋಟದ ಮುಕ್ಕಾಲು ಪಾಲು ಅಲ್ಲಿಯೇ ಸಿಗುತ್ತದೆ. ನಿಧಾನ ನಡೆಯುವವರು ಇರುವ ಗುಂಪಿಗೆ ರಾಣಿಪುರ ಸರಿ ಅನ್ನುವುದು ಇದಕ್ಕೇ. ಒಬ್ಬರು ನಿಂತರೆ ಎಲ್ಲರ ದಿನ ಕೆಡುವುದಿಲ್ಲ.

ತುದಿಯಿಂದ ಪೂರ್ವಕ್ಕೆ ನೋಡಿದರೆ ಕಾಣುವ ಕಾಡೆಲ್ಲ ಕೊಡಗಿನದು. ತಲಕಾವೇರಿ ವನ್ಯಧಾಮ. ನಮ್ಮ ಚಂದ್ರಗಿರಿ ಹೊಳೆ ಹುಟ್ಟುವುದೂ ಆ ಕಡೆಯ ಬೆಟ್ಟಗಳಲ್ಲೇ. ಕಾಸರಗೋಡಿನ ಸೇತುವೆಯ ಮೇಲೆ ದಿನಾ ಓಡಾಡುವವರು ಒಮ್ಮೆ ಇಲ್ಲಿ ಬಂದು ನಿಂತು ನೋಡಬೇಕು.

ಕಾಡು ಹಾಗೆ ಜೋಡಿಕೊಂಡಿರುವುದರಿಂದ ಆನೆಗೆ ಗಡಿಯ ಲೆಕ್ಕವಿಲ್ಲ. ಹಿಂಡು ಹತ್ತಿರ ಬಂದಿದ್ದರೆ ಅರಣ್ಯ ಇಲಾಖೆಯವರು ದಾರಿ ಮುಚ್ಚುತ್ತಾರೆ. ಮುಚ್ಚಿದ್ದಾರೆ ಅಂದರೆ ಮುಚ್ಚಿದ್ದಾರೆ. "ನಾವು ಅಷ್ಟು ದೂರದಿಂದ ಬಂದಿದ್ದೇವೆ" ಅಂತ ವಾದ ಮಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆನೆ ಇನ್ನೂ ದೂರದಿಂದ ಬಂದಿರುತ್ತದೆ. ಟಿಕೆಟು ಕೊಡುವ ಜಾಗದಲ್ಲಿ ಇವತ್ತು ಹೇಗಿದೆ ಅಂತ ಕೇಳಿಕೊಳ್ಳಿ. ದಾರಿಯಲ್ಲಿ ಹಸಿ ಲದ್ದಿ ಕಂಡರೆ ಮಾತು ನಿಲ್ಲಿಸಿ ಬಂದ ದಾರಿಯಲ್ಲೇ ವಾಪಸು ಹೊರಡಿ.

ಉಳಿಯಲಿಕ್ಕೆ ಬುಡದಲ್ಲಿ ಸರಕಾರಿ ಪ್ರವಾಸಿ ಕಾಟೇಜು ಇದೆ, ಖಾಸಗಿ ಹೋಂಸ್ಟೇಗಳೂ ಇವೆ. ಇಲ್ಲಿ ಒಂದು ಮಾತು. ಒಮ್ಮೆ ನಾನು ಫೋನಿನಲ್ಲೇ ಒಂದು ಮನೆ ಗೊತ್ತು ಮಾಡಿದ್ದೆ. "ಟ್ರೆಕ್ಕಿಂಗ್ ಶುರುವಾಗುವ ಜಾಗದ ಪಕ್ಕದಲ್ಲೇ" ಅಂದಿದ್ದರು. ಹೋಗಿ ನೋಡಿದರೆ 14 ಕಿಲೋಮೀಟರ್ ಕೆಳಗೆ. ಬೆಳಗ್ಗೆ ಜೀಪಿಗೆ ಕಾಯುವುದರಲ್ಲೇ ಮಂಜು ಕರಗಿಹೋಯಿತು, ಹೆಂಡತಿ ಎರಡು ದಿನ ಮಾತಾಡಲಿಲ್ಲ. ಆಮೇಲಿಂದ "ಪಕ್ಕ" ಅಂದರೆ ಎಷ್ಟು ಕಿಲೋಮೀಟರ್ ಅಂತ ಕೇಳಿಯೇ ಮುಂಗಡ ಕೊಡುವುದು.

ಕೊಟ್ಟಂಚೇರಿ: ಜೊತೆಗೆ ಗೊತ್ತಿರುವವರು ಇದ್ದರೆ ಮಾತ್ರ

ರಾಣಿಪುರದಲ್ಲಿ ಜನ ಜಾಸ್ತಿಯಾಯಿತು ಅಂತ ಮೂಗು ಮುರಿಯುವವರು ಕೊಟ್ಟಂಚೇರಿಗೆ ಹೋಗುತ್ತಾರೆ. ವೆಳ್ಳರಿಕುಂಡು ತಾಲೂಕಿನಲ್ಲಿ ಮಾಲೋಂ, ಕೊನ್ನಕ್ಕಾಡ್ ದಾಟಿ ಮೇಲಕ್ಕೆ. ಕೊನ್ನಕ್ಕಾಡಿನವರೆಗೆ ಬಸ್ಸಿದೆ, ಅಲ್ಲಿಂದ ಜೀಪು ಇಲ್ಲವೇ ಕಾಲು. ರಾಣಿಪುರದಷ್ಟೇ ಚಂದ. ಗದ್ದಲ ಕಡಿಮೆ, ಫಲಕಗಳೂ ಕಡಿಮೆ. ತೊಂದರೆ ಇರುವುದು ಆ ಎರಡನೆಯದರಲ್ಲಿ. ಹುಲ್ಲುಗುಡ್ಡೆಯ ಮೇಲೆ ದನದ ದಾರಿ, ಜೀಪಿನ ದಾರಿ, ಆನೆಯ ದಾರಿ ಎಲ್ಲ ಒಂದೇ ಥರ ಕಾಣುತ್ತದೆ. ಮಂಜು ಇಳಿದರೆ ಹತ್ತು ಮಾರು ಆಚೆ ನಿಂತ ಗೆಳೆಯನೂ ಕಾಣುವುದಿಲ್ಲ.

ಇನ್ನೊಂದು. ಇಲ್ಲಿಂದ ತಲಕಾವೇರಿಗೆ ನಡೆದು ಹೋಗಬಹುದು ಅನ್ನುವ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ನನ್ನ ಭಾವನೂ ಒಮ್ಮೆ, "ಮೂರು ಗಂಟೆಯ ದಾರಿ, ಸಂಜೆಗೆ ಭಾಗಮಂಡಲದಲ್ಲಿ ಕಾಫಿ" ಅಂತ ನಮ್ಮನ್ನು ಹೊರಡಿಸಿದ್ದ. ಹಿಂದಿನವರು ನಡೆದಿರಬಹುದು, ಇಲ್ಲ ಅನ್ನುವುದಿಲ್ಲ. ಈಗ ಆಚೆಗಿರುವುದು ವನ್ಯಧಾಮ. ಪರವಾನಗಿ ಇಲ್ಲದೆ ಒಳಗೆ ಕಾಲಿಟ್ಟರೆ ಅದು ಅಪರಾಧ, ಚಾರಣ ಅಲ್ಲ. ನಾವು ಊಟದ ಹೊತ್ತಿಗೆ ತೋಡೊಂದರ ಹತ್ತಿರ ದಾರಿ ತಪ್ಪಿ, ಬಂದ ಹೆಜ್ಜೆ ಹುಡುಕಿಕೊಂಡು ಹಿಂದೆ ಬಂದೆವು. ಭಾಗಮಂಡಲದ ಕಾಫಿ ಕೊನ್ನಕ್ಕಾಡಿನ ಚಹಾ ಆಯಿತು.

ತಲಕಾವೇರಿ ನೋಡಲೇಬೇಕು ಅಂದರೆ ಪಾಣತ್ತೂರಿನಿಂದ ಕರಿಕೆ ಮೇಲೆ ಭಾಗಮಂಡಲಕ್ಕೆ ರಸ್ತೆ ಇದೆ. ರಾಣಿಪುರ ಇಳಿದವರು ಅದೇ ದಾರಿಯಲ್ಲಿ ಮುಂದುವರಿದರೆ ಎರಡನೆಯ ದಿನ ಚೆನ್ನಾಗಿ ಕಳೆಯುತ್ತದೆ. ಕಾಡಿನ ನಡುವಿನ ರಸ್ತೆ, ತಿರುವು ಜಾಸ್ತಿ, ಕತ್ತಲಾಗುವ ಮುಂಚೆ ಮುಗಿಸಬೇಕು. ಮಳೆಗಾಲದಲ್ಲಿ ಆ ಕಡೆ ಹೋಗುವುದು ಬೇಡ. 2020ರ ಆಗಸ್ಟಿನಲ್ಲಿ ತಲಕಾವೇರಿಯ ಬೆಟ್ಟ ಕುಸಿದು ಮನೆಗಳು ಮಣ್ಣಿನಡಿ ಹೋದದ್ದನ್ನು ನಾವು ಯಾರೂ ಮರೆತಿಲ್ಲ.

ಪೈತಲ್‌ಮಲ, ಸ್ವಲ್ಪ ದೂರವಾದರೂ

1372 ಮೀಟರ್. ಕಣ್ಣೂರಿನಿಂದ 65 ಕಿಲೋಮೀಟರ್, ತಳಿಪರಂಬ ಮೇಲೆ ಹೋಗಬೇಕು. ಇದೂ ಕೊಡಗಿನ ಗಡಿಗೆ ಅಂಟಿಕೊಂಡದ್ದೇ. ಕಾಡು ದಾಟಿ ಹುಲ್ಲಿಗೆ ಏರುವುದು ರಾಣಿಪುರದ ಹಾಗೆಯೇ, ಆದರೆ ಎತ್ತರ ಜಾಸ್ತಿ. ಆದ್ದರಿಂದ ಚಳಿ ಜಾಸ್ತಿ, ಗಾಳಿಯೂ ಜಾಸ್ತಿ. ಕಾಸರಗೋಡಿನ ಉತ್ತರದ ಊರುಗಳಿಂದ ಒಂದೇ ದಿನದಲ್ಲಿ ಹೋಗಿ ಬರುತ್ತೇನೆ ಅಂದರೆ ಬರೀ ಪ್ರಯಾಣವೇ ಆಗುತ್ತದೆ. ನೀಲೇಶ್ವರ, ಚೆರುವತ್ತೂರು ಕಡೆಯವರಿಗೆ ಮಾತ್ರ ರಾಣಿಪುರದ ಬದಲು ಇದನ್ನು ಹೇಳುತ್ತೇನೆ. ರಾಣಿಪುರವನ್ನು ಈಗಾಗಲೇ ಎರಡು ಸಲ ಹತ್ತಿದವರಿಗೂ ಹೇಳುತ್ತೇನೆ.

ಕುಮಾರಪರ್ವತ: ಆಸೆ ಬೇರೆ, ಕಾಲು ಬೇರೆ

ಬೆಂಗಳೂರಿನಿಂದ ಬರುವ ಹುಡುಗರಿಗೆಲ್ಲ ಇದೇ ಬೇಕು. ಕಾಸರಗೋಡಿನಿಂದ ಚೆರ್ಕಳ, ಜಾಲ್ಸೂರು, ಸುಳ್ಯ ಮೇಲೆ ಸುಬ್ರಹ್ಮಣ್ಯಕ್ಕೆ ಸುಮಾರು ನೂರು ಕಿಲೋಮೀಟರ್. ತುದಿ 1712 ಮೀಟರ್. ಸುಬ್ರಹ್ಮಣ್ಯ ಇರುವುದು ತಗ್ಗಿನಲ್ಲಿ. ಅಂದರೆ ಒಂದೇ ದಾರಿಯಲ್ಲಿ ಸುಮಾರು 1600 ಮೀಟರ್ ಏರಬೇಕು, 13 ಕಿಲೋಮೀಟರ್ ಆಸುಪಾಸು ನಡೆಯಬೇಕು, ಮತ್ತೆ ಅಷ್ಟನ್ನೇ ಇಳಿಯಬೇಕು. ಹತ್ತುವಾಗ ಉಸಿರು ಕೇಳುತ್ತದೆ, ಇಳಿಯುವಾಗ ಮಂಡಿ ಕೇಳುತ್ತದೆ. ರಾಣಿಪುರ ಹತ್ತಿದವರೆಲ್ಲ ಇದನ್ನೂ ಹತ್ತಬಹುದು ಅಂದುಕೊಳ್ಳುವುದು ದೊಡ್ಡ ತಪ್ಪು. ನನ್ನ ಲೆಕ್ಕದಲ್ಲಿ ರಾಣಿಪುರವನ್ನು ಒಂದೇ ದಿನ ನಾಲ್ಕೈದು ಸಲ ಹತ್ತಿ ಇಳಿದರೆ ಕುಮಾರಪರ್ವತ ಎಂಥದ್ದು ಅಂತ ಅಂದಾಜು ಸಿಗುತ್ತದೆ.

ಮೊದಲೆಲ್ಲ ಬ್ಯಾಗು ಹಾಕಿಕೊಂಡು ಹೊರಟರೆ ಆಯಿತು, ಗಿರಿಗದ್ದೆಯ ಭಟ್ಟರ ಮನೆಯಲ್ಲಿ ಊಟ, ಅಲ್ಲೇ ನಿದ್ದೆ. ಈಗ ಹಾಗಿಲ್ಲ. 2024ರ ಜನವರಿಯ ಗಣರಾಜ್ಯೋತ್ಸವ ರಜೆಗೆ ಜನ ಜಾತ್ರೆಯ ಹಾಗೆ ಸೇರಿದ್ದರು. ಆ ವಿಡಿಯೋ ನೀವೂ ನೋಡಿರಬಹುದು. ಅದಾದ ಮೇಲೆ ಕರ್ನಾಟಕ ಸರಕಾರ ಚಾರಣವನ್ನು ಸ್ವಲ್ಪ ಕಾಲ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಹೆಸರು ಹಾಕಿಸಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ಮಳೆಗಾಲದಲ್ಲಿ, ಬೇಸಿಗೆಯ ಬೆಂಕಿಯ ಕಾಲದಲ್ಲಿ ದಾರಿ ಮುಚ್ಚಿರುತ್ತದೆ. ತುದಿಯಲ್ಲಿ ಟೆಂಟು ಹಾಕುವಂತಿಲ್ಲ. ಶನಿವಾರ ಹೋಗೋಣ ಅಂತ ಶುಕ್ರವಾರ ರಾತ್ರಿ ತೀರ್ಮಾನ ಮಾಡುವವರಿಗೆ ಈ ಬೆಟ್ಟ ಅಲ್ಲವೇ ಅಲ್ಲ. ರಾಣಿಪುರದಲ್ಲಿ ಹೋಗಿ ನಿಂತು ಟಿಕೆಟು ತಗೊಂಡು ಹತ್ತಿದ ಹಾಗೆ ಇಲ್ಲಿ ನಡೆಯುವುದಿಲ್ಲ.

ಹಾಗಂತ ಬೇಡ ಅನ್ನುತ್ತಿಲ್ಲ. ಶೇಷಪರ್ವತ ದಾಟಿ, ಒಮ್ಮೆ ಕಾಡಿಗೆ ಇಳಿದು, ಮತ್ತೆ ಬಂಡೆ ಹತ್ತಿ ಮೇಲೆ ಹೋದಾಗ ಸಿಗುವ ಖುಷಿ ಉಳಿದ ನಾಲ್ಕರಲ್ಲಿ ಇಲ್ಲ. ಎರಡು ತಿಂಗಳು ಮೊದಲೇ ದಿನಾ ನಡೆದು ಕಾಲು ಪಳಗಿಸಿಕೊಂಡವರು, ಗುಂಪಿನಲ್ಲಿ ಎಲ್ಲರೂ ಒಂದೇ ವೇಗದವರು ಇದ್ದರೆ ಇದನ್ನೇ ಆರಿಸಿ.

ತಿಂಗಳ ಲೆಕ್ಕ

ಜೂನ್‌ನಿಂದ ಆಗಸ್ಟ್‌ವರೆಗೆ ನಮ್ಮ ಕಡೆ ಮಳೆಯೆಂದರೆ ಮಳೆ. ಮಂಜಿನ ಆಸೆಗೆ ಆಗ ರಾಣಿಪುರಕ್ಕೆ ಬರುವವರು ತುಂಬ. ಮಂಜು ಸಿಗುತ್ತದೆ, ಜೊತೆಗೆ ಇಂಬಳವೂ ಸಿಗುತ್ತದೆ. ಇಂಬಳ ಅಂದರೆ ನಿಮ್ಮ ಜಿಗಣೆ. ಉಪ್ಪನ್ನು ಬಟ್ಟೆಯಲ್ಲಿ ಸಣ್ಣ ಗಂಟು ಕಟ್ಟಿ, ಕೋಲಿನ ತುದಿಗೆ ಸಿಕ್ಕಿಸಿ, ಒದ್ದೆ ಮಾಡಿ ಇಟ್ಟುಕೊಳ್ಳಿ. ಹತ್ತಿದ ಇಂಬಳಕ್ಕೆ ಮುಟ್ಟಿಸಿದರೆ ತಾನೇ ಬೀಳುತ್ತದೆ. ಹಳಬರು ಹೊಗೆಸೊಪ್ಪು ನೆನೆಸಿದ ನೀರನ್ನು ಕಾಲಿಗೆ ಹಚ್ಚುತ್ತಾರೆ. ವಾಸನೆ ತಡೆದುಕೊಳ್ಳುವವರಿಗೆ ಅದೂ ಆದೀತು. ಇಂಬಳದಿಂದ ಸಾಯುವುದಿಲ್ಲ, ಆದರೆ ಪೇಟೆಯ ಗೆಳತಿಯೊಬ್ಬಳು ಕಿರುಚುತ್ತ ಓಡಿ ಜಾರಿ ಬಿದ್ದರೆ ಅವತ್ತಿನ ಟ್ರಿಪ್ಪು ಮುಗಿಯಿತು.

ನನಗೆ ಹೆದರಿಕೆ ಇರುವುದು ಇಂಬಳಕ್ಕಲ್ಲ, ಅಕ್ಟೋಬರ್ ನವೆಂಬರಿನ ಸಿಡಿಲಿಗೆ. ಮಲಯಾಳದವರು ತುಲಾವರ್ಷ ಅನ್ನುತ್ತಾರೆ, ನಾವು ಹಿಂಗಾರು. ಬೆಳಗ್ಗೆ ಆಕಾಶ ಕನ್ನಡಿಯ ಹಾಗಿರುತ್ತದೆ. ಮಧ್ಯಾಹ್ನದ ಮೇಲೆ ಪೂರ್ವದ ಬೆಟ್ಟದ ಹಿಂದಿನಿಂದ ಕಪ್ಪು ಮೋಡ ಏಳುತ್ತದೆ. ಒಂದು ಸಲ ನಾವು ರಾಣಿಪುರದ ತುದಿಯಲ್ಲಿ ಅವಲಕ್ಕಿ ತಿಂದುಕೊಂಡು ಎರಡು ಗಂಟೆಯವರೆಗೆ ಕುಳಿತುಬಿಟ್ಟೆವು. ಮೊದಲ ಗುಡುಗು ಕೇಳಿದಾಗಲೂ "ದೂರದಲ್ಲಿದೆ" ಅಂದೆ ನಾನೇ. ಹತ್ತು ನಿಮಿಷದಲ್ಲಿ ಅದು ನಮ್ಮ ತಲೆಯ ಮೇಲೆ ಇತ್ತು. ಬೋಳು ಹುಲ್ಲಿನ ಮೇಲೆ ಎಲ್ಲಕ್ಕಿಂತ ಎತ್ತರ ಇರುವುದು ನಾವೇ, ಕೈಯಲ್ಲಿ ಕಬ್ಬಿಣದ ಕಡ್ಡಿಯ ಕೊಡೆ ಬೇರೆ! ಕೊಡೆ ಮಡಚಿ, ಏಣು ಬಿಟ್ಟು, ಚೋಲೆಕಾಡು ಸೇರುವವರೆಗೆ ಓಡಿದ ಓಟ ಇವತ್ತಿಗೂ ಕನಸಿನಲ್ಲಿ ಬರುತ್ತದೆ. ಆ ಎರಡು ತಿಂಗಳು ಬರುವುದಾದರೆ ಬಾಗಿಲು ತೆಗೆದ ಕೂಡಲೇ ಹತ್ತಿ, ಹನ್ನೆರಡರೊಳಗೆ ಕಾಡಿನ ನೆರಳಿಗೆ ಇಳಿದುಬಿಡಿ. ಗುಡುಗು ಕೇಳಿದರೆ ಒಂಟಿ ಮರದ ಕೆಳಗೆ ನಿಲ್ಲಬೇಡಿ.

ಡಿಸೆಂಬರ್, ಜನವರಿ ಐದಕ್ಕೂ ಒಳ್ಳೆಯದು. ಫೆಬ್ರವರಿಯ ನಂತರ ಹುಲ್ಲು ಒಣಗಿ ಬೆಂಕಿಯ ಭಯ, ತೋಡುಗಳಲ್ಲಿ ನೀರಿಲ್ಲ. ಆಗ ಪೊಸಡಿಗುಂಪೆಯ ಸಂಜೆ ಒಂದನ್ನು ಬಿಟ್ಟು ಬೇರೆ ಯಾವುದನ್ನೂ ನಾನು ಹೇಳುವುದಿಲ್ಲ.

ಬ್ಯಾಗಿನಲ್ಲಿ

ಜಾಸ್ತಿ ಏನೂ ಬೇಡ. ತಲಾ ಎರಡು ಲೀಟರ್ ನೀರು, ಪ್ಲಾಸ್ಟಿಕ್ ಬಾಟಲಿ ಅಲ್ಲ, ಸ್ಟೀಲಿನದು. ಹಿಡಿತ ಇರುವ ಶೂ. ಹೊಸ ಶೂ ಹಾಕಿಕೊಂಡು ಬಂದವರ ಹಿಮ್ಮಡಿಗೆ ಬೊಕ್ಕೆ ಖಂಡಿತ. ನಗದು ಇರಲಿ, ಗುಡ್ಡೆಯ ಬುಡದಲ್ಲಿ ನೆಟ್‌ವರ್ಕು ಸಿಗದೆ ಫೋನಿನಲ್ಲಿ ದುಡ್ಡು ಕಳಿಸಲಿಕ್ಕೆ ಒದ್ದಾಡುವವರನ್ನು ಪ್ರತಿ ಸಲ ನೋಡುತ್ತೇನೆ. ತಿನ್ನಲು ನಮ್ಮ ಮನೆಯಿಂದ ಹೊರಟರೆ ಹೆಂಡತಿ ಬಾಡಿಸಿದ ಬಾಳೆಲೆಯಲ್ಲಿ ಕಟ್ಟಿದ ಮೊಸರನ್ನ, ಮಿಡಿ ಉಪ್ಪಿನಕಾಯಿ, ನೇಂದ್ರ ಬಾಳೆಹಣ್ಣು, ಒಂದು ಬಾಟಲಿ ಪುನರ್ಪುಳಿ ಶರಬತ್ತು ಕೊಡುತ್ತಾಳೆ. ಬಿಸಿಲಿನಲ್ಲಿ ಹತ್ತಿದ ಮೇಲೆ ಪುನರ್ಪುಳಿಗೆ ಸಮನಾದದ್ದು ಪೇಟೆಯ ಯಾವ ಎನರ್ಜಿ ಡ್ರಿಂಕಿನಲ್ಲೂ ಇಲ್ಲ. ಎಲೆಯನ್ನೂ ಕಾಡಿನಲ್ಲಿ ಬಿಸಾಡದೆ ಕೆಳಗೆ ತನ್ನಿ. ಉಪ್ಪು ಹತ್ತಿದ ಎಲೆಗೆ ಪ್ರಾಣಿಗಳು ಬರುತ್ತವೆ.

ಮಲಯಾಳ ಬಾರದವರು ಹೆದರಬೇಕಾಗಿಲ್ಲ. ಫಲಕಗಳು ಮಲಯಾಳ, ಇಂಗ್ಲಿಷಿನಲ್ಲಿ ಇರುತ್ತವೆ, ಆದರೆ "ವಳಿ ಎವಿಡೆ" ಅಂತ ದಾರಿ ಕೇಳಿದರೆ ಸಾಕು, ಜನ ಅರ್ಧ ದೂರ ಜೊತೆಗೇ ಬಂದು ತೋರಿಸುತ್ತಾರೆ.

ಈ ಸಲ ತಂಗಿಯ ಮಗಳು ಕೇಳಿದ್ದು ಕುಮಾರಪರ್ವತ. ಜೊತೆಗೆ ಯಾರು ಬರುತ್ತಾರೆ ಅಂತ ವಿಚಾರಿಸಿದೆ. ಗೆಳತಿಯರು ಮೂವರು, ಆಮೇಲೆ ಸ್ವಲ್ಪ ಸಣ್ಣ ದನಿಯಲ್ಲಿ, "ಅಮ್ಮನೂ ಬರ್ತಾಳಂತೆ ಮಾವಾ" ಅಂದಳು. ತಂಗಿಗೆ ಎಡ ಮಂಡಿ ನೋವು ಶುರುವಾಗಿ ಎರಡು ವರ್ಷ ಆಯಿತು. ಡಿಸೆಂಬರಿನ ಎರಡನೆಯ ಶನಿವಾರಕ್ಕೆ ರಾಣಿಪುರದ ಬುಡದಲ್ಲಿ ಎರಡು ಕೋಣೆ ಹೇಳಿದ್ದೇನೆ. ದಾರಿ ಶುರುವಾಗುವ ಜಾಗದಿಂದ ಎಷ್ಟು ದೂರ ಅಂತ ಮೂರು ಸಲ ಕೇಳಿದೆ. "ನಡೆದರೆ ಐದು ನಿಮಿಷ" ಅಂದಿದ್ದಾರೆ. ಮುಂದಿನ ವಾರ ಆ ಕಡೆ ಗೊಬ್ಬರ ತರಲಿಕ್ಕೆ ಹೋಗುವುದಿದೆ, ನಡೆದೇ ನೋಡಿ ಬರುತ್ತೇನೆ.